ಭಾರತಿಯ ಮನೆಗೆ ಮುಟ್ಟದ ಚೀಟಿ

ಭಾರತಿ, ಡಾಕ್ಟರು ನಿನ್ನ ಹೆಸರಿಗೆ ಬರೆದುಕೊಟ್ಟ ಒಂದು ಚೀಟಿಯನ್ನು ನಾನು ನಿಮ್ಮ ಮನೆಗೆ ಮುಟ್ಟಿಸಲಿಲ್ಲ. ಮರೆತು ಅಲ್ಲ, ಬೇಕೆಂದೇ ಇಟ್ಟುಕೊಂಡೆ. ಆಮೇಲೆ ನಿಮ್ಮಜ್ಜಿ ಬಂದು ಬಾಯಿಬಿಟ್ಟು ಕೇಳಿದಾಗ ಸುಳ್ಳು ಹೇಳಿದೆ. ಆಗ ನಿನಗೆ ಹದಿಮೂರು ವರ್ಷ, ಎಂಟನೇ ಕ್ಲಾಸು. ಈಗ ಮೂವತ್ಮೂರು. ಇಷ್ಟು ವರ್ಷ ಈ ಮಾತು ನನ್ನ ಹೊಟ್ಟೆಯಲ್ಲೇ ಇತ್ತು, ನನ್ನ ಹೆಂಡತಿಗೂ ಹೇಳಿರಲಿಲ್ಲ.

ಹೋದ ಭಾನುವಾರ ಮಗಳನ್ನು ಕರೆದುಕೊಂಡು ಟೇಕಲ್‌ನಿಂದ ಶ್ರೀನಿವಾಸಪುರದ ನಮ್ಮ ಮನೆಗೆ ಬಂದೆಯಲ್ಲ, ಅವತ್ತೇ ಹೇಳಬೇಕಿತ್ತು. ತುಟಿವರೆಗೂ ಬಂದಿತ್ತು. ಆದರೆ ನೀನು — ಇಲ್ಲ, ಅದನ್ನು ಕೊನೆಗೆ ಬರೆಯುತ್ತೇನೆ. ಮೊದಲಿನಿಂದ ಹೇಳದಿದ್ದರೆ ಎಲ್ಲೋ ಒಂದು ಕಡೆ ಜಾರಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಜಾರಿಕೊಳ್ಳುವ ಹುಡುಗರನ್ನು ಹಿಡಿದು ಹಿಡಿದು ಆ ವಿದ್ಯೆಯೆಲ್ಲ ನನಗೂ ಬಂದಿದೆ.

ನನ್ನಪ್ಪ ಮುಳಬಾಗಿಲಿನಲ್ಲಿ ಗರಡಿ ಇಟ್ಟಿದ್ದರು. ನಿನಗೆ ನೂರು ಸಲ ಹೇಳಿದ್ದೇನೆ, ಇನ್ನೊಂದು ಸಲ ಕೇಳು. ಕೆಮ್ಮಣ್ಣಿನ ಅಖಾಡ, ಗೋಡೆಗೆ ಒರಗಿಸಿದ ಗದೆಗಳು, ಎಳ್ಳೆಣ್ಣೆ ವಾಸನೆ. ಬೆಳಿಗ್ಗೆ ಸಾಮು ಮುಗಿದ ಮೇಲೆ ಅಪ್ಪ ಶಿಷ್ಯರನ್ನೆಲ್ಲ ಸಾಲಾಗಿ ಕೂರಿಸಿ ನೆನೆಸಿದ ಬಾದಾಮಿ, ತುಪ್ಪ ಹಾಕಿದ ಹಾಲು, ಬೇಯಿಸಿದ ಮೊಟ್ಟೆ ಕೊಡುತ್ತಿದ್ದರು. ನಮ್ಮವರೂ ಇದ್ದರು, ಸಾಬರ ಹುಡುಗರೂ ಇದ್ದರು, ಎಲ್ಲರಿಗೂ ಒಂದೇ ಲೋಟ. "ಮೈ ಮಾಡ್ಕೊಳ್ರೋ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಅನ್ನುತ್ತಿದ್ದರು. ಯಾವನಾದರೂ ಶಿಷ್ಯನ ಕುತ್ತಿಗೆ ದಪ್ಪವಾದರೆ ಅಪ್ಪ ಊರೆಲ್ಲ ಹೇಳಿಕೊಂಡು ಓಡಾಡುವರು. ನನಗೆ ಮಾತ್ರ ಎಷ್ಟು ತಿಂದರೂ ಮೈಗೆ ಹತ್ತಲಿಲ್ಲ. ಪೈಲ್ವಾನರ ಮಗ ಕಡ್ಡಿ ಹಾಗಿದ್ದಾನೆ ಅಂತ ಪೇಟೆಯವರು ಆಡಿಕೊಳ್ಳುತ್ತಿದ್ದರು. ಅಪ್ಪನಿಗೆ ಅದೊಂದು ಕೊರಗು, ನನಗೆ ಅದಕ್ಕಿಂತ ದೊಡ್ಡ ಕೊರಗು. ಮೈ ಇದ್ದರೆ ಬಲ ಅನ್ನುವುದು ನನ್ನ ತಲೆಯಲ್ಲಿ ಆಗಲೇ ಕೂತುಬಿಟ್ಟಿತ್ತು. ಅಪ್ಪನ ಶಿಷ್ಯರು ಆ ಹಾಲು ಕುಡಿಯುವ ಮೊದಲು ಐನೂರು ದಂಡ, ಸಾವಿರ ಬಸ್ಕಿ ಹೊಡೆಯುತ್ತಿದ್ದರು ಅನ್ನುವುದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ.

ನೀನು ಯಲ್ದೂರು ಕಡೆಯ ನಮ್ಮ ಹೈಸ್ಕೂಲಿಗೆ ಸೇರಿದ್ದು ಜೂನ್ ತಿಂಗಳು. ಆ ದಿನಗಳು ನನ್ನ ಕಣ್ಣಿಗೆ ಕಟ್ಟಿದ ಹಾಗಿವೆ. ತೋಪುಗಳಲ್ಲಿ ಇನ್ನೂ ಕಾಯಿ ಕೀಳುತ್ತಿದ್ದರು. ರಸ್ತೆ ತುಂಬ ಮಾವಿನ ಟ್ರ್ಯಾಕ್ಟರು, ಹಿಂದೆ ಓಡುವ ಮಕ್ಕಳು. ಸ್ಕೂಲಿನ ಕಿಟಕಿಯಲ್ಲಿ ಹಣ್ಣಿನ ವಾಸನೆ ಎಷ್ಟಿರುತ್ತಿತ್ತೆಂದರೆ ಗಣಿತದ ಮೇಷ್ಟ್ರು ಕಿಟಕಿ ಮುಚ್ಚಿ ಪಾಠ ಮಾಡುತ್ತಿದ್ದರು. ಅರ್ಧ ಕ್ಲಾಸಿನ ಮಕ್ಕಳ ಬಾಯಿ ಸುತ್ತ ಸೊನೆ ಸುಟ್ಟ ಕಲೆ. ಎಲ್ಲರೂ ತಿನ್ನುತ್ತಿದ್ದರು. ತಿಂದು ಓಡುತ್ತಿದ್ದರು, ಮರ ಹತ್ತುತ್ತಿದ್ದರು, ಕಬಡ್ಡಿ ಆಡಿ ಮಂಡಿ ಒಡೆದುಕೊಳ್ಳುತ್ತಿದ್ದರು. ನೀನು ಮಾತ್ರ ಹೊಂಗೆ ಮರದ ಕೆಳಗೆ ಕೂತು ಅವರೆಲ್ಲರ ಚಪ್ಪಲಿ ಕಾಯುತ್ತಿದ್ದೆ. "ಕಾಲ್ ನೋವು ಸಾರ್" ಅನ್ನುತ್ತಿದ್ದೆ. ಹುಡುಗರು ನಿನಗೆ 'ಡ್ರಮ್ಮು' ಅಂತ ಹೆಸರಿಟ್ಟಿದ್ದರು. ಒಂದು ದಿನ ಯಾವನೋ ಜೋರಾಗಿ ಕೂಗಿದಾಗ ನಾನೂ ನಕ್ಕಿದ್ದೆ. ನೀನು ನೋಡಿದೆ. ಅದನ್ನೂ ಇಲ್ಲೇ ಬರೆದುಬಿಡುತ್ತೇನೆ.

ಕಾಲು ನೋವಲ್ಲ ಅಂತ ನನಗೆ ಗೊತ್ತಿರಲಿಲ್ಲವೇ? ಓಡಿದರೆ ನಗುತ್ತಾರೆ ಅಂತ ಓಡುತ್ತಿರಲಿಲ್ಲ. ಓಡದೆ ಇನ್ನಷ್ಟು ದಪ್ಪಗಾಗುತ್ತಿದ್ದೆ. ಅದಕ್ಕೆ ಇನ್ನಷ್ಟು ನಗುತ್ತಿದ್ದರು. ಈಗ ಕೂತು ಯೋಚಿಸಿದರೆ ಇಷ್ಟು ಸರಳವಾಗಿ ಕಾಣುತ್ತದೆ.

ಗುಂಡು, ಡಿಸ್ಕಸ್ಸು ಇಟ್ಟಿದ್ದ ನಮ್ಮ ಮರದ ಪೆಟ್ಟಿಗೆ ನೆನಪಿದೆಯಾ? ಇಬ್ಬರು ಹುಡುಗರು ಎರಡು ಕಡೆ ಹಿಡಿದು ಏದುಸಿರು ಬಿಟ್ಟುಕೊಂಡು ತರುತ್ತಿದ್ದರು. ಒಂದು ದಿನ ಆ ಇಬ್ಬರೂ ಬಂದಿರಲಿಲ್ಲ. ಯಾರಾದರೂ ತನ್ನಿ ಅಂದೆ. ನೀನು ಎದ್ದು ಹೋಗಿ ಬಿಂದಿಗೆ ಇಟ್ಟುಕೊಂಡ ಹಾಗೆ ಆ ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಲಂಗ ಸರಿಮಾಡಿಕೊಳ್ಳುತ್ತಾ ಬಂದೆ. ನನ್ನ ಬಾಯಲ್ಲಿದ್ದ ಸೀಟಿ ಕೆಳಗೆ ಬಿತ್ತು. ಅವತ್ತು ಸಂಜೆಯೇ ನಿನ್ನ ಕೈಗೆ ಮೂರು ಕೆ.ಜಿ. ಗುಂಡು ಕೊಟ್ಟು, ಕತ್ತಿನ ಪಕ್ಕ ಇಟ್ಟುಕೊಂಡು ಆಚೆಗೆ ತಳ್ಳು ನೋಡೋಣ ಅಂದೆ. ನೀನು ಹೆದರಿ ಹೆದರಿ ತಳ್ಳಿದ್ದು ಹೋಗಿ ಸುಣ್ಣದ ಕೊನೆಯ ಗೆರೆ ದಾಟಿ ಬಿತ್ತು. ನೀನು "ಸಾರಿ ಸಾರ್" ಅಂದೆ — ತಪ್ಪು ಮಾಡಿದವಳ ಹಾಗೆ. ನಾನು ಗೆರೆವರೆಗೂ ಓಡಿಹೋಗಿ ಟೇಪು ಹಿಡಿದು ಎರಡು ಸಲ ಅಳೆದೆ.

ಆಮೇಲಿನ ಮೂರು ತಿಂಗಳು ನನ್ನ ನೌಕರಿಯ ಅತಿ ಸುಖದ ದಿನಗಳು. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೂ ನಿಜ. ಸಂಜೆ ಬಿಸಿಲು ಇಳಿದ ಮೇಲೆ ನೀನು, ನಾನು, ಸುಣ್ಣದಲ್ಲಿ ಬರೆದ ವೃತ್ತ. ಕಂಬಳಿ ಹುಳ ಬಿದ್ದರೆ ಕಿರುಚಿ ಗುಂಡು ಬಿಟ್ಟು ಓಡುತ್ತಿದ್ದೆ. ಅಷ್ಟು ದೊಡ್ಡ ಗುಂಡಿಗೆ ಹೆದರದವಳು ಹುಳಕ್ಕೆ ಹೆದರುತ್ತೀಯಲ್ಲೇ ಅಂತ ನಾನು ರೇಗಿಸುತ್ತಿದ್ದೆ. ನಿಧಾನವಾಗಿ ನಿನ್ನ ಬೆನ್ನು ನೆಟ್ಟಗಾಯಿತು. ಒಂದು ದಿನ 'ಡ್ರಮ್ಮು' ಅಂದ ಹುಡುಗನ ಮುಂದೆ ನೀನೇ ಗುಂಡು ಇಟ್ಟು, "ಬಾರೋ ಲೇ, ನನ್ ಗೆರೆ ದಾಟ್ಸು ನೋಡೋಣ" ಅಂದೆ. ಅವನು ತಳ್ಳಿದ್ದು ಅರ್ಧ ದೂರಕ್ಕೇ ಬಿತ್ತು, ಬೆಪ್ಪಾದ. ಆ ಹೆಸರು ಅವತ್ತಿಗೆ ನಿಂತುಹೋಯಿತು. ನಿನಗಿಂತ ನನಗೇ ಹೆಚ್ಚು ಖುಷಿಯಾಯಿತು.

ಪ್ರಾಕ್ಟೀಸು ಮುಗಿದ ಮೇಲೆ ಬಸ್ ಸ್ಟ್ಯಾಂಡಿನ ಬೇಕರಿ. ಬೆಣ್ಣೆ ಬನ್ನು, ಹನಿ ಕೇಕು, ಒಂದು ದೊಡ್ಡ ಲೋಟ ಬಾದಾಮಿ ಹಾಲು. ನೀನು ಒಂದು ಬನ್ನಿಗೆ ಸಾಕು ಅಂದರೆ ನಾನು ಬಿಡುತ್ತಿರಲಿಲ್ಲ. "ತಿನ್ನು ಕಣೇ. ಮೈ ಇದ್ರೇನೇ ಗುಂಡು ಹೋಗೋದು" ಅನ್ನುತ್ತಿದ್ದೆ. ಗರಡಿಯಲ್ಲಿ ಅಪ್ಪ ನಿಂತ ಹಾಗೆ ಎದುರಿಗೆ ನಿಂತು ತಿನ್ನಿಸುತ್ತಿದ್ದೆ. ಮಗುವಿಗೆ ಹಸಿವಿದೆಯೋ ಇಲ್ಲವೋ ಅಂತ ಕೇಳುವ ಬುದ್ಧಿ ಇರಲಿಲ್ಲ. ಅರ್ಧ ಗಂಟೆ ಗುಂಡು ಎಸೆದು ಅಷ್ಟೆಲ್ಲ ತಿಂದರೆ ಅದು ಎಲ್ಲಿಗೆ ಹೋಗಬೇಕು ಅಂತಲೂ ಯೋಚಿಸಲಿಲ್ಲ.

ಮನೆಯಲ್ಲಿ ನಿಮ್ಮಜ್ಜಿ. ಆಕೆಯ ಕಥೆ ಆಕೆಯ ಬಾಯಲ್ಲೇ ಕೇಳಿದ್ದೇನೆ. ನೀನು ಏಳನೇ ತಿಂಗಳಿಗೇ ಹುಟ್ಟಿದೆಯಂತೆ, ಅಂಗೈಯಷ್ಟು ಇದ್ದೆಯಂತೆ. ಹತ್ತಿಯಲ್ಲಿ ಸುತ್ತಿ, ಎದೆಗೆ ಅವುಚಿಕೊಂಡು ಉಳಿಸಿಕೊಂಡರಂತೆ. ಅಂಥವಳು ತಟ್ಟೆಯಲ್ಲಿ ಒಂದು ತುತ್ತು ಬಿಟ್ಟರೂ ಆಕೆಯ ಜೀವ ಹಾರುತ್ತಿತ್ತು. "ತಿನು ನಾ ತಲ್ಲಿ, ಇಂಕೊಕ್ಕಟಿ" ಅಂತ ತೆಲುಗಿನಲ್ಲಿ ಮುದ್ದು ಮಾಡುತ್ತಾ ಇನ್ನೊಂದು, ಇನ್ನೊಂದು ಹಾಕುತ್ತಿದ್ದರು. ಮುದ್ದೆಗೆ ತುಪ್ಪ, ದೋಸೆಗೆ ಸೀಕರಣೆ, ಮಲಗುವ ಮುಂಚೆ ಹಾಲು. ಆಕೆಯನ್ನು ನಾನು ದೂರುವುದಿಲ್ಲ. ಸತ್ತೇ ಹೋಗುತ್ತದೆ ಅಂದುಕೊಂಡ ಕೂಸು ಮೈಕೈ ತುಂಬಿಕೊಂಡು ಕಣ್ಣೆದುರು ಓಡಾಡಿದರೆ ಯಾವ ಅಜ್ಜಿಗೆ ತಾನೇ ಸಂತೋಷವಾಗುವುದಿಲ್ಲ. ಆದರೆ ಆಕೆಗೆ ಗೊತ್ತಿಲ್ಲದ್ದು ನನಗೆ ಗೊತ್ತಾಯಿತು. ವ್ಯತ್ಯಾಸ ಅಷ್ಟೇ.

ಗೊತ್ತಾದದ್ದು ಹೇಗೆ ಅಂತ ಹೇಳಬೇಕಾದರೆ ಆ ಸೋಮವಾರದ ವಿಷಯ ಬರೆಯಬೇಕು.

ಸೋಮವಾರ ಪ್ರೇಯರ್ ಆದ ಮೇಲೆ ಶುಚಿತ್ವದ ತಪಾಸಣೆ. ಉಗುರು, ಹಲ್ಲು, ಕಾಲರು. ನಾನು ಸಾಲಿನ ಹಿಂದಿನಿಂದ ಬರುತ್ತಿದ್ದೆ. ನಿನ್ನ ಎರಡು ಜಡೆಗಳ ನಡುವೆ ಕತ್ತಿನ ಹಿಂಭಾಗ ಕಪ್ಪಗೆ, ದಪ್ಪಗೆ, ಮಸಿ ಕಟ್ಟಿದ ಹಾಗೆ ಕಂಡಿತು. ಎಲ್ಲರೆದುರು ಹೇಳಿದೆ: "ಏನಮ್ಮಾ ಇದು ಕೊಳೆ? ಪೈಲ್ವಾನಳಾದ್ರೆ ಸ್ನಾನ ಮಾಡ್ಬಾರ್ದು ಅಂತಿದ್ಯಾ? ಹೋಗು, ನಲ್ಲಿ ಹತ್ರ ಹೋಗಿ ತಿಕ್ಕೊಂಡ್ ಬಾ." ಇಡೀ ಸ್ಕೂಲು ನಕ್ಕಿತು. ನೀನು ನಲ್ಲಿಯ ಹತ್ತಿರ ಹೋಗಿ ತಿಕ್ಕಿದೆ, ವಾಪಸು ಬಂದೆ. ಆ ಕಪ್ಪು ಹೋಗಿರಲಿಲ್ಲ. ಇನ್ನೊಂದು ಸಲ ಕಳಿಸಿದೆ. ಮಾರನೆಯ ದಿನ ನೀನು ಬಂದಾಗ ಆ ಜಾಗ ಕೆಂಪಗೆ ಕಿತ್ತುಹೋಗಿತ್ತು. ಮನೆಯಲ್ಲಿ ತೆಂಗಿನ ನಾರಿನಿಂದ ಉಜ್ಜಿಕೊಂಡಿದ್ದೆ. ಮತ್ತೆ ನಾನು ಆ ಮಾತು ಎತ್ತಲಿಲ್ಲ. ಸಂಜೆ ಒಂದು ಹನಿ ಕೇಕು ಹೆಚ್ಚಿಗೆ ಕೊಡಿಸಿದೆ.

ಎರಡು ವಾರಕ್ಕೆ ಆರೋಗ್ಯ ತಪಾಸಣೆಯ ಜೀಪು ಬಂತು. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು, ಮಕ್ಕಳ ಜೊತೆ ಮಕ್ಕಳ ಹಾಗೇ ಮಾತಾಡುತ್ತಿದ್ದರು. ನಿನ್ನನ್ನು ನೋಡಿ ಹೊರಗೆ ಕಳಿಸಿದ ಮೇಲೆ ನನ್ನನ್ನು ಕರೆದರು. ನಿನ್ನ ಕತ್ತಿನಲ್ಲಿ ಗಾಯ ಯಾಕಾಗಿದೆ ಅಂತ ಕೇಳಿದರು. ಕೊಳೆ ತಿಕ್ಕಿಕೊಂಡಿದ್ದಾಳೆ ಅಂದೆ.

"ಅದು ಕೊಳೆ ಅಲ್ಲ ಮೇಷ್ಟ್ರೇ," ಅಂದರು ಆಕೆ. "ಎಷ್ಟು ತಿಕ್ಕಿದ್ರೂ ಹೋಗಲ್ಲ. ಮೈಯೊಳಗೆ ಸಕ್ಕರೆ ಹತೋಟಿ ತಪ್ಪೋಕೆ ಶುರುವಾಗಿರಬಹುದು, ಅದನ್ನ ಚರ್ಮ ಹೇಳ್ತಾ ಇದೆ."

ಆಮೇಲೆ ಬಿಡಿಸಿ ಹೇಳಿದರು. ಹುಡುಗಿಯ ತಪ್ಪಲ್ಲ, ಮನೆಯವರನ್ನು ಬೈಯುವ ವಿಷಯವೂ ಅಲ್ಲ. ಕೆಲವರಿಗೆ ಹುಟ್ಟಿನಿಂದಲೇ ಮೈ ಹಾಗಿರುತ್ತದೆ, ಅದರ ಮೇಲೆ ತಿನ್ನುವುದು ಹೆಚ್ಚಾಗಿ ಓಡಾಟ ಕಡಿಮೆಯಾದರೆ ಹೀಗಾಗುತ್ತದೆ. ಕೋಲಾರದ ಆಸ್ಪತ್ರೆಗೆ ಅಪ್ಪ ಅಮ್ಮ ಒಂದು ಸಲ ಕರೆದುಕೊಂಡು ಬಂದರೆ ರಕ್ತ ಪರೀಕ್ಷೆ ಮಾಡೋಣ. ಉಪವಾಸ ಹಾಕಬಾರದು, ಬೆಳೆಯುವ ಮಗು. ಬೇಕರಿ ತಿಂಡಿ, ಸಿಹಿ ಪಾನೀಯ ಕಡಿಮೆ ಮಾಡಿ, ಅವಳೊಬ್ಬಳಿಗೆ ಬೇರೆ ಅಡುಗೆ ಮಾಡದೆ ಮನೆಮಂದಿಯೆಲ್ಲ ಅದನ್ನೇ ತಿನ್ನಲಿ. ದಿನಾ ಓಡಾಡಲಿ. ಇಷ್ಟು ಬೇಗ ಗೊತ್ತಾಗಿದ್ದು ಒಳ್ಳೆಯದಾಯಿತು ಅಂತಲೂ ಅಂದರು. ಚೀಟಿ ಬರೆದು ನನ್ನ ಕೈಗೆ ಕೊಟ್ಟು, "ಆಟ ಮಾತ್ರ ಬಿಡಿಸ್ಬೇಡಿ" ಅಂದರು.

ನೋಡು ಭಾರತಿ, ಆಕೆ ಆಟ ಬಿಡಿಸಬೇಡಿ ಅಂದರು. ಇದನ್ನು ನಾನು ಮುಚ್ಚಿಡಬಹುದಿತ್ತು. ಡಾಕ್ಟರು ಆಟ ನಿಲ್ಲಿಸಲು ಹೇಳಿದರು, ಮಗುವಿನ ಮನಸ್ಸು ನೋಯುತ್ತದೆ ಅಂತ ಚೀಟಿ ಬಚ್ಚಿಟ್ಟೆ ಅಂತ ಬರೆದಿದ್ದರೆ ನೀನು ನಂಬುತ್ತಿದ್ದೆ. ಆದರೆ ಹಾಗೆ ಆಗಲಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ತೂಕ ಇಳಿದ್ರೆ ಗುಂಡು ಹೋಗುತ್ತಾ ಮೇಡಂ?"

"ಹೋಗುತ್ತೆ. ಇನ್ನೂ ದೂರ ಹೋಗುತ್ತೆ," ಅಂದರು.

ನಾನು ನಂಬಲಿಲ್ಲ. ಡಾಕ್ಟರಿಗೆ ಗರಡಿ ವಿಷಯ ಏನು ಗೊತ್ತು ಅಂದುಕೊಂಡೆ. ತಾಲ್ಲೂಕು ಕ್ರೀಡಾಕೂಟಕ್ಕೆ ಹದಿನೈದು ದಿನ ಇತ್ತು. ನಮ್ಮ ಸ್ಕೂಲು ಅಲ್ಲಿ ಒಂದು ಸಲವೂ ಮೊದಲ ಬಹುಮಾನ ತಂದಿರಲಿಲ್ಲ. ಪ್ರತಿ ವರ್ಷ ಬೇರೆ ಸ್ಕೂಲಿನ ಮೇಷ್ಟ್ರುಗಳು ನನ್ನ ಬೆನ್ನು ತಟ್ಟಿ "ಮುಂದಿನ ಸಲ ನೋಡಿ" ಅನ್ನುತ್ತಿದ್ದರು. ಈ ಸಲ ನನ್ನ ಹತ್ತಿರ ನೀನಿದ್ದೆ. ಮನೆಯವರು ಹೆದರಿ ಕಳಿಸದಿದ್ದರೆ? ಅಜ್ಜಿ ಅತ್ತು ಕರೆದು ಮೂಲೆಯಲ್ಲಿ ಕೂರಿಸಿಕೊಂಡರೆ? ಕೂಟ ಮುಗಿಯಲಿ, ಆಮೇಲೆ ಕೊಟ್ಟರಾಯಿತು ಅಂತ ಚೀಟಿಯನ್ನು ಜೇಬಿನ ಡೈರಿಯೊಳಗೆ ಮಡಿಚಿಟ್ಟೆ.

ಮೂರನೇ ದಿನ ಅಜ್ಜಿ ಸ್ಕೂಲಿಗೇ ಬಂದರು. ನಿನಗೆ ಇದು ಗೊತ್ತಿಲ್ಲ. ನೀನು ಕ್ಲಾಸಿನಲ್ಲಿದ್ದೆ. ಅಷ್ಟು ದೂರ ನಡೆದು, ಸೆರಗಿನಲ್ಲಿ ನನಗೂ ನಾಲ್ಕು ನೀಲಂ ಮಾವಿನಹಣ್ಣು ಕಟ್ಟಿಕೊಂಡು ಬಂದಿದ್ದರು. ಸೀಸನ್ನಿನ ಕೊನೆಯ ಹಣ್ಣು. ಆಫೀಸು ರೂಮಿನ ಮೆಟ್ಟಿಲ ಮೇಲೆ ಕೂತು ಉಸಿರು ತೆಗೆದುಕೊಂಡು ಕೇಳಿದರು, "ಡಾಕ್ಟ್ರಮ್ಮ ಬಂದಿದ್ರಂತೆ ಮೇಷ್ಟ್ರೇ. ನಮ್ ಹುಡ್ಗೀನ ಎಷ್ಟೊತ್ತು ನೋಡಿದ್ರಂತೆ. ಏನಾದ್ರೂ ಅಂದ್ರಾ ಸಾಮಿ?"

ಡೈರಿ ನನ್ನ ಜೇಬಿನಲ್ಲಿತ್ತು. ಕೈ ಅಲ್ಲಿಗೆ ಹೋಯಿತು ಕೂಡ.

"ಏನೂ ಇಲ್ಲಜ್ಜಿ. ಹುಡುಗಿ ಗಟ್ಟಿಯಾಗಿದ್ದಾಳೆ, ಚೆನ್ನಾಗಿ ಸಾಕಿದ್ದೀರಾ ಅಂದ್ರು."

ಅಷ್ಟೇ. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಮಾತು ಅಷ್ಟೇ. ಆಕೆಯ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು — ಇಲ್ಲ, ನೋಡದಿದ್ದದ್ದೇ ಒಳ್ಳೆಯದಾಯಿತು. ಹಣೆಗೆ ಎರಡು ಕೈಯನ್ನೂ ಒತ್ತಿಕೊಂಡು ದೇವರಿಗೆ ಮುಗಿದರು. ಆಮೇಲೆ ಮನೆಗೆ ಹೋಗಿ ಏನು ಮಾಡಿದರು ಅಂತ ನೀನೇ ಮಾರನೆಯ ದಿನ ನಗುತ್ತಾ ಹೇಳಿದೆ: "ನಿನ್ನೆ ಅಜ್ಜಿ ಒಬ್ಬಟ್ಟು ಮಾಡಿದ್ರು ಸಾರ್, ಹಬ್ಬ ಇಲ್ದೇನೇ." ನಾನೂ ನಕ್ಕೆ. ನನಗೊಂದು ತರಲಿಲ್ವೇನೇ ಅಂದೆ.

ತಾಲ್ಲೂಕಿನಲ್ಲಿ ನೀನು ಮೊದಲು ಬಂದೆ. ಗುಂಡು ಬಿದ್ದ ಜಾಗ ನೋಡಿ ಅಳತೆಗೆ ನಿಂತಿದ್ದವನೇ ಒಂದು ಹೆಜ್ಜೆ ಹಿಂದೆ ಸರಿದ. ಹಿಂದಿನ ವರ್ಷ ಬೆನ್ನು ತಟ್ಟಿದ ಮೇಷ್ಟ್ರುಗಳೆಲ್ಲ ಬಂದು ಕೈ ಕುಲುಕಿದರು. ಹಿಂದಿರುಗುವಾಗ ಟೆಂಪೋದಲ್ಲಿ ಹುಡುಗರು ನಿನ್ನ ಹೆಸರನ್ನೇ ಕೂಗುತ್ತಾ ಬಂದರು — ನಿನ್ನ ನಿಜವಾದ ಹೆಸರನ್ನು. ಕೋಲಾರದ ಜಿಲ್ಲಾ ಕೂಟದಲ್ಲಿ ಎರಡನೆಯದು. ಸ್ಟೀಲ್ ತಟ್ಟೆ ಕೊಟ್ಟರು. ನೀನು ಅದನ್ನು ಎದೆಗೆ ಹಿಡಿದುಕೊಂಡು ಫೋಟೋಕ್ಕೆ ನಿಂತೆ. ಪಕ್ಕದಲ್ಲಿ ನಾನು ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೇನೆ, ಹೊಟ್ಟೆಯೇ ಇಲ್ಲದವನು. ಆ ಫೋಟೋ ಈಗಲೂ ನಮ್ಮ ಮನೆಯ ಗೋಡೆ ಮೇಲಿದೆ. ಭಾನುವಾರ ನೀನು ಅದರ ಮುಂದೆ ತುಂಬ ಹೊತ್ತು ನಿಂತೆ. ಆ ದಿನದ ಸಂತೋಷ ಸುಳ್ಳಲ್ಲ ಭಾರತಿ. ಅದು ಸುಳ್ಳಾಗಿದ್ದರೆ ಇದನ್ನು ಬರೆಯುವುದು ನನಗೆ ಸುಲಭವಾಗುತ್ತಿತ್ತು. ಕೋಲಾರದ ಆ ಮೈದಾನದಿಂದ ಆಸ್ಪತ್ರೆಗೆ ಆಟೋದಲ್ಲಿ ಎಷ್ಟು ಹೊತ್ತಿನ ದಾರಿ? ಅವತ್ತು ಅಲ್ಲಿವರೆಗೂ ಹೋಗಿದ್ದೆವು. ಡೈರಿಯೂ ಜೇಬಿನಲ್ಲಿತ್ತು. ನಾನು ನಿನಗೆ ಮಸಾಲೆ ದೋಸೆ ಕೊಡಿಸಿ ಬಸ್ಸು ಹತ್ತಿಸಿದೆ.

ಆಮೇಲೆ ಕೊಡೋಣ ಅಂದರೆ, ಇಷ್ಟು ದಿನ ಯಾಕೆ ಕೊಡಲಿಲ್ಲ ಅನ್ನುವ ಪ್ರಶ್ನೆ ಬಂತು. ಚೀಟಿಯಲ್ಲಿ ತಾರೀಕಿತ್ತು. ಅಜ್ಜಿಗೆ ಹೇಳಿದ ಸುಳ್ಳು ಹೊರಗೆ ಬರುತ್ತಿತ್ತು. ದಿನ ಕಳೆದಂತೆ ಕೊಡುವುದು ಕಷ್ಟವಾಯಿತು. ಸಂಕ್ರಾಂತಿ ಹಿಂದೆಮುಂದೆ ಒಂದು ಬೆಳಿಗ್ಗೆ ಸ್ನಾನಕ್ಕೆ ನೀರು ಕಾಯಿಸುವಾಗ ಅದನ್ನು ಡೈರಿಯಿಂದ ತೆಗೆದು ಒಲೆಗೆ ಹಾಕಿದೆ. ಮೈಗೆ ನೀರು ಹುಯ್ದುಕೊಂಡು ಸ್ಕೂಲಿಗೆ ಹೋಗಿ, ಎಂದಿನ ಹಾಗೆ ಸೀಟಿ ಊದಿದೆ.

ಮುಂದಿನದು ನಿನಗೇ ಗೊತ್ತು. ಒಂಬತ್ತನೇ ಕ್ಲಾಸಿನಲ್ಲಿ ನಿನಗೆ ಸುಸ್ತು ಹೆಚ್ಚಾಯಿತು. ನೀರು ಕುಡಿಯಲು ಪದೇ ಪದೇ ನಲ್ಲಿಗೆ ಹೋಗುತ್ತಿದ್ದೆ. ಹತ್ತನೇ ಕ್ಲಾಸಿನಲ್ಲಿ ಗುಂಡು ಮುಟ್ಟಲಿಲ್ಲ, ಓದಬೇಕು ಸಾರ್ ಅಂದೆ. ನಾನೂ ಒತ್ತಾಯ ಮಾಡಲಿಲ್ಲ, ಆ ವರ್ಷ ನನಗೆ ಒಳ್ಳೆಯ ಖೋ-ಖೋ ತಂಡ ಸಿಕ್ಕಿತ್ತು. ನೀನು ಮದುವೆಯಾಗಿ ಟೇಕಲ್‌ಗೆ ಹೋದ ಸುದ್ದಿ ಬಂತು. ನಿನ್ನ ಮಗಳು ಹೊಟ್ಟೆಯಲ್ಲಿದ್ದಾಗ ಸಕ್ಕರೆ ವಿಪರೀತ ಏರಿ ಆಸ್ಪತ್ರೆ ಸೇರಿದ್ದು ಅಜ್ಜಿಯಿಂದಲೇ ಗೊತ್ತಾಯಿತು. ಶ್ರೀನಿವಾಸಪುರದ ಸಂತೆಯಲ್ಲಿ ಸಿಕ್ಕಿದ್ದರು, ಮೆತ್ತಗಾಗಿದ್ದರು. ಹೆರಿಗೆಯಾದ ಮೇಲೂ ಕಾಯಿಲೆ ಬಿಡಲಿಲ್ಲ, ಇಷ್ಟು ಚಿಕ್ಕ ವಯಸ್ಸಿಗೇ ದಿನಾ ಸೂಜಿ ಚುಚ್ಚಿಕೊಳ್ಳುತ್ತಾಳೆ ಅಂದರು. "ಏಂ ಪಾಪಂ ಚೇಸಿಂದೋ ನಾ ಬಿಡ್ಡ" ಅಂತ ನನ್ನ ಕೈ ಹಿಡಿದುಕೊಂಡು ಅತ್ತರು. ನನ್ನ ಕೂಸು ಏನು ಪಾಪ ಮಾಡಿತ್ತೋ ಅಂತ ನನ್ನನ್ನೇ ಕೇಳುತ್ತಿದ್ದರು. ನಾನು ಸಮಾಧಾನ ಮಾಡಿದೆ. ಆ ವರ್ಷವೇ ಅವರು ತೀರಿಕೊಂಡರು. ಅವರಿಗೆ ಹೇಳುವುದು ಇನ್ನು ಆಗದ ಮಾತು.

ಚೀಟಿ ಮುಟ್ಟಿದ್ದರೆ ನಿನಗೆ ಈ ಕಾಯಿಲೆ ಬರುತ್ತಲೇ ಇರಲಿಲ್ಲ ಅಂತ ಹೇಳಲು ನಾನು ಡಾಕ್ಟರಲ್ಲ. ಬರದೇ ಇರಬಹುದಿತ್ತು, ತಡವಾಗಿ ಬರಬಹುದಿತ್ತು, ಬಂದರೂ ಹತೋಟಿಯಲ್ಲಿರಬಹುದಿತ್ತು. ಆ ಅವಕಾಶ ನಿನ್ನದಾಗಿತ್ತು. ನಾನು ಕಿತ್ತುಕೊಂಡೆ.

ಈಗ ಭಾನುವಾರದ ವಿಷಯ.

ನೀನು ಬಂದೆ, ನನ್ನ ಕಾಲಿಗೆ ಬಿದ್ದೆ, ಮಗಳಿಗೂ ಬೀಳಲು ಹೇಳಿದೆ. ಲಾಸ್ಯ ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈಯಲ್ಲಿ ಜ್ಯೂಸಿನ ಬಾಟಲಿ ಹಿಡಿದುಕೊಂಡೇ ಬಗ್ಗಿದಳು. ಒಂಬತ್ತು ವರ್ಷದ ಮಗು. ಬಗ್ಗಿದಾಗ ಕೂದಲು ಸರಿದು ಕತ್ತು ಕಂಡಿತು. ನೀನು ನನ್ನ ಕಣ್ಣು ಎಲ್ಲಿದೆ ಅಂತ ನೋಡಿ ನಕ್ಕೆ. "ನನ್ ತರಾನೇ ಸಾರ್, ಕತ್ತು ಕಪ್ಪು. ಕಡ್ಲೆಹಿಟ್ಟು ಹಾಕಿ ಎಷ್ಟ್ ತಿಕ್ಕಿದ್ರೂ ಹೋಗಲ್ಲ. ಅವತ್ ನೀವು ನಲ್ಲಿಗೆ ಕಳಿಸಿದ್ರಲ್ಲ, ಇವತ್ತಿಗೂ ನಾನು ಸೆರಗು ಸುತ್ಕೊಂಡೇ ಇರ್ತೀನಿ" ಅಂದೆ. ನಿನಗೆ ಅದು ಹಳೆಯ ತಮಾಷೆ. ನನ್ನ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದಳು. ನಾನು ಲೋಟ ಎತ್ತಲಿಲ್ಲ.

ಆಮೇಲೆ ನೀನು ಹೇಳಿದ್ದು ಒಂದೊಂದು ಮಾತೂ ನೆನಪಿದೆ. "ಇವಳಿಗೂ ಗುಂಡು ಕಲ್ಸಿ ಸಾರ್. ಸ್ಕೂಲಲ್ಲಿ ಎಲ್ರೂ ಆಡ್ಕೋತಾರೆ, ಆಟಕ್ಕೇ ಹೋಗಲ್ಲ ಅಂತಾಳೆ. ನಿಮ್ಮಿಂದ ನಾನು ತಲೆ ಎತ್ಕೊಂಡ್ ಓಡಾಡ್ದೆ, ಇವಳೂ ಹಂಗೇ ಆಗ್ಲಿ. ಅವ್ರ ಮಿಸ್ಸು ತೂಕ ಜಾಸ್ತಿ, ಡಾಕ್ಟ್ರಿಗೆ ತೋರ್ಸಿ ಅಂತಾರೆ. ನಮ್ಮತ್ತೆ, ಬೆಳೆಯೋ ಮಗು ಬಾಯಿ ಕಟ್ಬೇಡ ಅಂತಾರೆ. ನಾನೂ ಅದೇ ಹೇಳ್ದೆ, ನಮ್ ಮೇಷ್ಟ್ರು ಅಂತಿದ್ರು, ಮೈ ಇದ್ರೇನೇ ಗುಂಡು ಹೋಗೋದು ಅಂತ. ಅಲ್ವಾ ಸಾರ್?"

ಅಲ್ಲ ಅನ್ನಬೇಕಿತ್ತು. ಮಗುವನ್ನು ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಅನ್ನಬೇಕಿತ್ತು. ಆದರೆ ಕತ್ತಿನ ವಿಷಯ ನಿಮಗೆ ಹೇಗೆ ಗೊತ್ತು ಸಾರ್ ಅಂತ ನೀನು ಕೇಳುತ್ತಿದ್ದೆ. ಯಾವಾಗಿನಿಂದ ಗೊತ್ತು ಅಂತ ಕೇಳುತ್ತಿದ್ದೆ. ಆ ಗೋಡೆಯ ಫೋಟೋ, ಈ ನಮಸ್ಕಾರ, 'ನಮ್ಮ ಮೇಷ್ಟ್ರು' ಅನ್ನುವ ಮಾತು — ಎಲ್ಲ ಒಂದೇ ಸಲ ಹೋಗುತ್ತಿತ್ತು. ಅರವತ್ತು ದಾಟಿದ ಮೇಲೂ ನನಗೆ ಅದರ ಆಸೆ ಬಿಟ್ಟಿರಲಿಲ್ಲ. "ನೋಡೋಣ ಕಣಮ್ಮ" ಅಂದೆ. ನೀನು ಖುಷಿಯಾಗಿ ಬಸ್ಸಿಗೆ ಹೋದೆ.

ನಿನಗೆ ಮಾಡಿದ್ದನ್ನೇ ಅವಳಿಗೂ ಮಾಡಿ ಕಳಿಸಿದೆ ಅಂತ ನೀವು ಗೇಟು ದಾಟುವಾಗಲೇ ಗೊತ್ತಾಯಿತು. ಕೂಗಿ ಕರೆಯಲಿಲ್ಲ. ಮೂವತ್ತು ವರ್ಷ ಮೈದಾನದ ಆ ತುದಿಗೆ ಕೇಳುವ ಹಾಗೆ ಕೂಗಿದ ಗಂಟಲು ಇದು.

ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ಸುತ್ತಿ ಬಳಸಿ ಮಾತಾಡುತ್ತೇನೆ. ಆದ್ದರಿಂದ ಬರೆದು, ನಾಳೆ ಟೇಕಲ್‌ಗೆ ಬಂದು ನಿನ್ನ ಕೈಗೇ ಕೊಡುತ್ತೇನೆ. ಕ್ಷಮಿಸು ಅಂತ ಕೇಳಲು ಅಲ್ಲ. ಅದನ್ನು ನಿನ್ನ ಮೇಲೆ ಹೇರುವ ಹಕ್ಕು ನನಗಿಲ್ಲ. ಮೈ ಇದ್ದರೇ ಗುಂಡು ಹೋಗುತ್ತದೆ ಅಂದದ್ದು ತಪ್ಪು. ನಾನು ಹೇಳಿದ್ದು ಅಂತ ಅದನ್ನು ನಿಮ್ಮ ಮನೆಯಲ್ಲಿ ಇನ್ನು ಯಾರೂ ಹೇಳಬಾರದು. ಲಾಸ್ಯಳ ಕತ್ತನ್ನು ತಿಕ್ಕಬೇಡ. ಅವಳನ್ನು ಬೈಯಬೇಡ, ಹಸಿವಿನಲ್ಲಿ ಕೂರಿಸಬೇಡ, ಬೇರೆ ತಟ್ಟೆ ಇಡಬೇಡ. ಆ ಬಾಟಲಿಯ ಸಿಹಿನೀರು ಇಡೀ ಮನೆಗೇ ಬೇಡ. ಡಾಕ್ಟರಿಗೆ ಅವಳ ಕತ್ತು ತೋರಿಸು, ರಕ್ತ ಪರೀಕ್ಷೆ ಮಾಡಿ ಅಂತ ನೀನೇ ಬಾಯಿಬಿಟ್ಟು ಕೇಳು, ನಿನ್ನ ಕಾಯಿಲೆಯ ವಿಷಯವನ್ನೂ ಹೇಳು. ಅವಳಿಗೆ ಆಟ ಬೇಕೇ ಬೇಕು. ಆದರೆ ಅದನ್ನು ನನ್ನಿಂದ ಕಲಿಯಬೇಕೋ ಬೇಡವೋ ಅನ್ನುವುದನ್ನು ನೀನು 'ನಮ್ಮ ಮೇಷ್ಟ್ರು' ಅಂತ ಅಲ್ಲ, ಇದೆಲ್ಲ ಮಾಡಿದವನು ಅಂತ ತಿಳಿದು ತೀರ್ಮಾನಿಸು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನಾನು ಕೋಲಾರದ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತೇನೆ. ಇದನ್ನು ಓದಿದ ಮೇಲೆ ನನ್ನ ಮುಖ ನೋಡಲು ನಿನಗೆ ಮನಸ್ಸಾಗದಿದ್ದರೆ ಮಂಗಳವಾರ ಹೋಗು, ಬೇರೆ ಊರಿನ ಡಾಕ್ಟರ ಹತ್ತಿರ ಹೋಗು. ಆದರೆ ಹೋಗು.